ಮನೆಯಿಂದಲೇ ಕೆಲಸ: ಎರಡು ಕಾರ್ಯಾಚರಣ ವ್ಯವಸ್ಥೆಗಳಿಗೆ ಒಂದು ಕಂಪ್ಯೂಟರ್

ಮನೆಯಲ್ಲೇ ಕುಳಿತು ಕಚೇರಿಯ, ವ್ಯಾಪಾರದ ಅಥವಾ ಪ್ರಕಾಶನದ ಕೆಲಸ ಮಾಡುವ ಕೆಲವರಿಗೆ ಎರಡು ಆಪರೇಟಿಂಗ್ ಸಿಸ್ಟಮ್‌ಗಳು, ಅಂದರೆ ಎರಡು ಕಾರ್ಯಾಚರಣ ವ್ಯವಸ್ಥೆಗಳು ಬೇಕಾಗುತ್ತವೆ. ಹೆಚ್ಚಿನವರಿಗೆ ಅವು ವಿಂಡೋಸ್ ಮತ್ತು ಲಿನಕ್ಸ್. ಕೆಲವರಿಗೆ ವಿಂಡೋಸ್ ಮತ್ತು ಮ್ಯಾಕ್‌ಓಎಸ್. ಇಂಥವರು ಯಾವ ಯಂತ್ರ ಕೊಳ್ಳಬೇಕು, ಎರಡು ವ್ಯವಸ್ಥೆಗಳನ್ನು ಅದರಲ್ಲಿ ಹೇಗೆ ಇರಿಸಿಕೊಳ್ಳಬೇಕು, ಕನ್ನಡದ ಕಡತಗಳು ಒಂದರಿಂದ ಇನ್ನೊಂದಕ್ಕೆ ಹೋದಾಗ ಕೆಡದಂತೆ ಏನು ಮಾಡಬೇಕು ಎಂಬುದನ್ನು ಈ ಲೇಖನ ವಿಜಯಪುರ ಜಿಲ್ಲೆಯ ಆಲಮೇಲ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯನ್ನು ಮುಂದಿಟ್ಟುಕೊಂಡು ವಿವರಿಸುತ್ತದೆ.

ಸಿಂದಗಿಯ ಉತ್ತರಕ್ಕೆ, ಭೀಮಾ ನದಿಯ ಕಡೆಗಿರುವ ಆಲಮೇಲದಂಥ ಊರಿನಲ್ಲಿ ಮನೆಯಿಂದ ಕೆಲಸ ಮಾಡುವವರು ಒಂದೇ ಬಗೆಯವರಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಬೆಂಗಳೂರು, ಪುಣೆಗಳ ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದ ಉತ್ತರ ಕರ್ನಾಟಕದ ಅನೇಕ ಯುವಕ ಯುವತಿಯರು ಲ್ಯಾಪ್‌ಟಾಪ್ ಸಮೇತ ಊರಿಗೆ ಮರಳಿದರು. ಮನೆಯಿಂದ ಕೆಲಸ ಎಂಬ ಮಾತು ಹಳ್ಳಿಯವರ ಕಿವಿಗೆ ಬಿದ್ದದ್ದು ಹೆಚ್ಚಾಗಿ ಆಗಲೇ. ಆದರೆ ಅದಕ್ಕೂ ಮೊದಲಿನಿಂದ ಮನೆಯ ಮುಂದಿನ ಕೋಣೆಯಲ್ಲೇ ಡಿಟಿಪಿ ಮಾಡಿಕೊಂಡು ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಅಭಿನಂದನ ಗ್ರಂಥಗಳನ್ನು ಜೋಡಿಸಿಕೊಡುವವರು ಇದ್ದರು. ಇಂಡಿಯ ನಿಂಬೆ ವ್ಯಾಪಾರಿಗಳ, ಗೊಬ್ಬರದಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ವಿವರ ಸಲ್ಲಿಸುವವರೂ ಇದ್ದರು. ಶಾಲೆಯ ದಾಖಲೆಗಳನ್ನು ರಾತ್ರಿ ಮನೆಯಲ್ಲಿ ತುಂಬುವ ಶಿಕ್ಷಕರೂ ಈ ಸಾಲಿಗೆ ಸೇರಬೇಕು. ಇವರ ಅಗತ್ಯಗಳು ಬೇರೆ ಬೇರೆ. ಎಲ್ಲರಿಗೂ ಒಂದೇ ಯಂತ್ರ ಹೇಳುವ ಅಂಗಡಿಯ ಸಲಹೆಯನ್ನು ಆ ಕಾರಣಕ್ಕೇ ಒಪ್ಪಬಾರದು.

ಎರಡು ವ್ಯವಸ್ಥೆಗಳು ಏಕೆ ಬೇಕು

ಕೆಲವು ಕೆಲಸಗಳನ್ನು ವಿಂಡೋಸ್ ಬಿಟ್ಟುಕೊಡುವುದಿಲ್ಲ. ಬೆಂಗಳೂರಿನಲ್ಲಿ 1986ರಲ್ಲಿ ಆರಂಭವಾದ ಕಂಪನಿಯ ಟ್ಯಾಲಿ ಲೆಕ್ಕ ತಂತ್ರಾಂಶ ವಿಂಡೋಸ್‌ಗಾಗಿ ರೂಪಿಸಿದ್ದು. ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಹೊರಬಂದದ್ದು 2001ರಲ್ಲಿ. ಅದರಲ್ಲಿ ಕಟ್ಟಿದ ಕನ್ನಡ ಪುಸ್ತಕಗಳು ಇಂದಿಗೂ ಮರುಮುದ್ರಣಕ್ಕೆ ಬರುತ್ತಿರುವುದರಿಂದ ಅದನ್ನು ಉಳಿಸಿಕೊಂಡ ಡಿಟಿಪಿ ಕೇಂದ್ರಗಳಿವೆ. ಕನ್ನಡ ಬರೆಯುವ ತಂತ್ರಾಂಶಗಳಾದ ಬರಹ (1998) ಮತ್ತು ನುಡಿ ಎರಡೂ ವಿಂಡೋಸ್‌ನ ಮೇಲೆಯೇ ಬೆಳೆದವು.

ಲಿನಕ್ಸ್ ಬೇಕಾಗುವುದು ಬೇರೆ ಕಾರಣಕ್ಕೆ. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆ ಜಗತ್ತಿನ ಬಹುಪಾಲು ಸರ್ವರ್‌ಗಳನ್ನು ನಡೆಸುತ್ತದೆ. ಸಾಫ್ಟ್‌ವೇರ್ ಉದ್ಯೋಗಿ ಬರೆದದ್ದು ಕೊನೆಗೆ ಓಡುವುದು ಅದರ ಮೇಲೆಯೇ. ಪರವಾನಗಿಗೆ ಹಣ ಕೊಡಬೇಕಿಲ್ಲ, ಹಳೆಯ ಯಂತ್ರದಲ್ಲೂ ಚುರುಕಾಗಿ ನಡೆಯುತ್ತದೆ, ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹಬ್ಬುವ ವಿಂಡೋಸ್ ವೈರಸ್‌ಗಳು ಅದಕ್ಕೆ ತಗಲುವುದಿಲ್ಲ. ದಿನವಿಡೀ ಹತ್ತಾರು ಗಿರಾಕಿಗಳ ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ ಅಂಗಡಿಗೆ ಈ ಕೊನೆಯ ಗುಣವೊಂದೇ ಸಾಕು.

ಸರ್ಕಾರಿ ಸೇವೆಗಳಲ್ಲಿ ಬಹಳಷ್ಟು ಈಗ ಬ್ರೌಸರ್‌ನಲ್ಲೇ ನಡೆಯುತ್ತವೆ. ಫೈರ್‌ಫಾಕ್ಸ್, ಕ್ರೋಮ್ ಎರಡೂ ಕಡೆ ಒಂದೇ. ಲಿಬ್ರೆಆಫೀಸ್ ಕೂಡ ಎರಡೂ ಕಡೆ ಸಿಗುತ್ತದೆ. ಆದ್ದರಿಂದ ಯಂತ್ರ ಕೊಳ್ಳುವ ಮೊದಲು ಒಂದು ಹಾಳೆಯ ಮೇಲೆ ತನ್ನ ಒಂದು ವಾರದ ಕೆಲಸಗಳನ್ನು ಬರೆದುಕೊಂಡು, ಯಾವುದು ಬ್ರೌಸರ್‌ನದು, ಯಾವುದು ವಿಂಡೋಸ್ ಇಲ್ಲದೆ ಆಗದ್ದು, ಯಾವುದು ಲಿನಕ್ಸ್ ಇಲ್ಲದೆ ಆಗದ್ದು ಎಂದು ಗುರುತು ಹಾಕಬೇಕು. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲೇ ನಡೆಸುವ ವೈನ್ ಎಂಬ ಸಾಧನ 1993ರಿಂದ ಇದೆ. ಹಳೆಯ, ಸಣ್ಣ ತಂತ್ರಾಂಶಗಳು ಅದರಲ್ಲಿ ನಡೆಯಬಹುದು. ಡಿಜಿಟಲ್ ಸಹಿಯ ಟೋಕನ್ ಬೇಡುವ ಕೆಲಸಕ್ಕೂ ಗಿರಾಕಿಗಳ ಲೆಕ್ಕಕ್ಕೂ ಅದನ್ನು ನೆಚ್ಚಿಕೊಳ್ಳಬಾರದು.

ಕನ್ನಡದ ಸಂಕೇತ: ಯಂತ್ರಕ್ಕಿಂತ ಮೊದಲ ಪ್ರಶ್ನೆ

ಪ್ರೊಸೆಸರ್, ರ‍್ಯಾಮ್‌ಗಳ ಮಾತಿಗೆ ಮುನ್ನ ಕನ್ನಡದಲ್ಲಿ ಕೆಲಸ ಮಾಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ನನ್ನ ಕಡತಗಳಲ್ಲಿ ಅಕ್ಷರಗಳು ಯಾವ ಸಂಕೇತದಲ್ಲಿ ಕುಳಿತಿವೆ? ಎಷ್ಟೇ ದುಬಾರಿಯ ಯಂತ್ರ ತಂದರೂ ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಎರಡು ವ್ಯವಸ್ಥೆಗಳ ನಡುವಿನ ಓಡಾಟ ಸಾಗದು.

1990ರ ದಶಕದಲ್ಲಿ ಕಂಪ್ಯೂಟರಿಗೆ ಕನ್ನಡ ತಿಳಿಯುತ್ತಿರಲಿಲ್ಲ. ಆಗ ತಂತ್ರಾಂಶ ಮಾಡಿದವರು ಒಂದು ಉಪಾಯ ಕಂಡುಕೊಂಡರು: ರೋಮನ್ ಅಕ್ಷರಗಳಿಗೂ ಐರೋಪ್ಯ ಚಿಹ್ನೆಗಳಿಗೂ ಮೀಸಲಾದ ಜಾಗಗಳಲ್ಲಿ ಕನ್ನಡದ ತುಣುಕುಗಳನ್ನು, ಅಂದರೆ ಒಂದು ಕಡೆ ತಲೆಕಟ್ಟು, ಇನ್ನೊಂದು ಕಡೆ ಕೊಂಬು, ಮತ್ತೊಂದು ಕಡೆ ಒತ್ತು, ಹೀಗೆ ಅಚ್ಚಿನ ಮೊಳೆಗಳಂತೆ ಕೂರಿಸಿದರು. ಕಡತದೊಳಗೆ ಇರುವುದು ಐರೋಪ್ಯ ಚಿಹ್ನೆಗಳೇ. ಫಾಂಟ್ ಅವಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಂತೆ ಕಾಣುತ್ತದೆ. ನುಡಿಗೊಂದು ಜೋಡಣೆ, ಬರಹಕ್ಕೊಂದು, ಪುಣೆಯ ಶ್ರೀಲಿಪಿಗೆ ಮತ್ತೊಂದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯನ್ನು ರಾಜ್ಯ ಸರ್ಕಾರ ಉಚಿತವಾಗಿ ಹಂಚಿ, ಕಚೇರಿಗಳಲ್ಲಿ ಒಂದು ಮಟ್ಟಿನ ಏಕರೂಪ ತಂದದ್ದು ದೊಡ್ಡ ಉಪಕಾರ. ಆದರೆ ಆ ಏಕರೂಪ ಬಹುಮಟ್ಟಿಗೆ ವಿಂಡೋಸ್‌ನೊಳಗೆ ಉಳಿಯಿತು.

ಯುನಿಕೋಡ್ ಇದನ್ನು ಬದಲಿಸಿತು. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಪಟ್ಟಿ ದೊರಕಿತ್ತು. ಇಲ್ಲಿ ಸಂಕೇತ ಇರುವುದು ಅಕ್ಷರಕ್ಕೆ, ಅದರ ತುಣುಕಿಗಲ್ಲ; ಒತ್ತು, ಗುಣಿತಗಳನ್ನು ಕೂಡಿಸಿ ಚಿತ್ರಿಸುವುದು ವ್ಯವಸ್ಥೆಯ ಕೆಲಸ. ವಿಂಡೋಸ್ 2001ರ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನ ಮೂಲಕ ಆ ಕೆಲಸ ಕಲಿತುಕೊಂಡಿತು. ಲಿನಕ್ಸ್‌ನಲ್ಲಿ ಈಗ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ ಅದನ್ನು ಮಾಡುತ್ತದೆ. 2017ರಲ್ಲಿ ಬಂದ ಲಿಬ್ರೆಆಫೀಸ್ 5.3ರಿಂದ ಎಲ್ಲ ವ್ಯವಸ್ಥೆಗಳಲ್ಲೂ ಪಠ್ಯ ಚಿತ್ರಿಸಲು ಅದೇ ಹಾರ್ಫ್‌ಬಝ್ ಬಳಕೆಯಾಗುತ್ತಿರುವುದರಿಂದ, ಒಂದೇ ಫಾಂಟು ಇಟ್ಟುಕೊಂಡರೆ ವಿಂಡೋಸ್‌ನಲ್ಲಿ ಕಂಡ ಪುಟ ಲಿನಕ್ಸ್‌ನಲ್ಲೂ ಬಹುತೇಕ ಹಾಗೆಯೇ ಕಾಣುತ್ತದೆ. ಕರ್ನಾಟಕ ಸರ್ಕಾರವೂ 2010ರ ದಶಕದಲ್ಲಿ ಚಿದಾನಂದ ಗೌಡರ ಅಧ್ಯಕ್ಷತೆಯ ಸಮಿತಿಯ ಮೂಲಕ ಯುನಿಕೋಡ್ ಕಡೆಗೆ ಹೊರಳಿತು.

ಈ ಹೊರಳುವಿಕೆಯ ಬೆಲೆ ಏನೆಂದು ವಿಜಯಪುರ ಜಿಲ್ಲೆಯವರಿಗೆ ವಚನಗಳ ಮೂಲಕವೇ ಹೇಳಬಹುದು. ಬಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಳೆಗರಿ ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರತಂದರು. ಆಮೇಲೆ ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಸಿಂದಗಿ ಸೀಮೆಯವರೇ ಆದ ಎಂ.ಎಂ. ಕಲಬುರ್ಗಿಯವರ (1938–2015) ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯ 15 ಸಂಪುಟಗಳಲ್ಲಿ ಬಂತು. ಕಂಪ್ಯೂಟರಿನಲ್ಲಿ ಹಳೆಯ ಸಂಕೇತದಲ್ಲಿದ್ದ ವಚನಗಳನ್ನು ಯುನಿಕೋಡಿಗೆ ತಂದು, ತಪ್ಪು ತಿದ್ದಿ, ಯಾರು ಬೇಕಾದರೂ ಪದ ಹುಡುಕುವಂತೆ ಮಾಡಿದ್ದು ವಚನ ಸಂಚಯ ಎಂಬ ಯೋಜನೆ. ಸಂಚಯ ಬಳಗದ ತಂತ್ರಜ್ಞರು, ವಿಮರ್ಶಕ ಓ.ಎಲ್. ನಾಗಭೂಷಣಸ್ವಾಮಿ, ಕಥೆಗಾರ ವಸುಧೇಂದ್ರ ಇವರೆಲ್ಲ ಕೈಜೋಡಿಸಿದ ಈ ಕೆಲಸದಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ. ಬಸವನ ಬಾಗೇವಾಡಿಯ ವಿದ್ಯಾರ್ಥಿ ಇಂದು ವಿಂಡೋಸ್, ಲಿನಕ್ಸ್, ಮೊಬೈಲು ಯಾವುದರಿಂದಲಾದರೂ ಕೂಡಲಸಂಗಮದೇವ ಎಂಬ ಪದವನ್ನು ಹುಡುಕಬಲ್ಲ. ಅವೇ ವಚನಗಳು ಹಳೆಯ ಸಂಕೇತದಲ್ಲೇ ಉಳಿದಿದ್ದರೆ ಹುಡುಕುವುದಿರಲಿ, ಬೇರೆ ಯಂತ್ರದಲ್ಲಿ ಓದಲೂ ಆಗುತ್ತಿರಲಿಲ್ಲ. ಕನ್ನಡದ ಮಟ್ಟಿಗೆ ಯುನಿಕೋಡ್ ಅಳವಡಿಕೆಯನ್ನು ಅಚ್ಚಿನ ಮೊಳೆ ಬಂದಷ್ಟೇ ದೊಡ್ಡ ತಿರುವೆಂದು ಈ ಲೇಖಕ ನಂಬುತ್ತಾನೆ.

ಯುನಿಕೋಡ್ ಬಂದ ಮೇಲೂ ಉಳಿದ ಕೆಲವು ಸೂಕ್ಷ್ಮಗಳಿವೆ. ರ್ಯ ಮತ್ತು ರ‍್ಯ ಬೇರೆ ಬೇರೆ: ‘ಕಾರ್ಯ’ದಲ್ಲಿ ಅರ್ಕಾವೊತ್ತು ಬರಬೇಕು, ‘ರ‍್ಯಾಂಕ್’ನಲ್ಲಿ ರಕಾರದ ಕೆಳಗೆ ಯಒತ್ತು ಬರಬೇಕು. ಎರಡನೆಯದಕ್ಕೆ ರಕಾರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಇರುತ್ತದೆ. ‘ಸಾಫ್ಟ್‌ವೇರ್’ ಎಂಬಲ್ಲಿ ಟಕಾರಕ್ಕೆ ವಒತ್ತು ಅಂಟಿಕೊಳ್ಳದಂತೆ ತಡೆಯುವ, ಅದೂ ಕಾಣದ, ಇನ್ನೊಂದು ಚಿಹ್ನೆ ಇರುತ್ತದೆ. ಪಠ್ಯವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಈ ಕಾಣದ ಚಿಹ್ನೆಗಳು ಉದುರಿಹೋಗುವುದುಂಟು. ಹೆಸರುಪಟ್ಟಿ, ಮತದಾರರ ಚೀಟಿ, ಅಂಕಪಟ್ಟಿಗಳಂಥ ಕೆಲಸದಲ್ಲಿ ವ್ಯವಸ್ಥೆ ಬದಲಾದ ಮೇಲೆ ಒಮ್ಮೆ ಕಣ್ಣಾಡಿಸದೆ ಅಚ್ಚಿಗೆ ಕೊಡಬಾರದು.

ಮ್ಯಾಕ್ ಬಳಸುವವರಿಗೆ ಇನ್ನೊಂದು ತೊಡಕು. ‘ೀ’, ‘ೋ’ಗಳಂಥ ಗುಣಿತಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಎರಡು ಮೂರು ಸಂಕೇತಗಳಾಗಿಯೂ ಬರೆಯಬಹುದು, ಕಾಣುವುದು ಒಂದೇ. ಮ್ಯಾಕ್‌ನ ಹಳೆಯ ಕಡತವ್ಯವಸ್ಥೆ ಕಡತದ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ವಿಂಡೋಸ್ ಮತ್ತು ಲಿನಕ್ಸ್ ಬಿಡಿಸಿದ್ದನ್ನೂ ಕೂಡಿಸಿದ್ದನ್ನೂ ಬೇರೆ ಹೆಸರುಗಳೆಂದೇ ತಿಳಿಯುತ್ತವೆ. ಹೀಗಾಗಿ ‘ಕೋಟೆ’ ಎಂಬ ಹೆಸರಿನ ಎರಡು ಕಡತಗಳು ಒಂದೇ ಕಡೆ ಬಂದು ಕೂರಬಹುದು. ಒಳಗಿನ ಬರವಣಿಗೆ ಕನ್ನಡದಲ್ಲಿರಲಿ. ಕಡತದ ಹೆಸರಿಗೆ ದಿನಾಂಕ, ಅಂಕಿ, ರೋಮನ್ ಅಕ್ಷರ ಬಳಸುವುದು ಎರಡು ವ್ಯವಸ್ಥೆಗಳವರಿಗೆ ಕ್ಷೇಮ.

ಕೀಲಿಮಣೆ

ಬೆರಳಿನ ಅಭ್ಯಾಸವೇ ಜನರನ್ನು ಒಂದು ವ್ಯವಸ್ಥೆಗೆ ಕಟ್ಟಿಹಾಕುತ್ತದೆ ಎಂಬುದು ನಿಜ, ಆದರೆ ಆ ಕಟ್ಟು ಈಗ ಸಡಿಲವಾಗಿದೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ವ್ಯಂಜನಗಳನ್ನು ಉಚ್ಚಾರಕ್ಕೆ ಹೊಂದುವ ರೋಮನ್ ಕೀಲಿಯಿಂದಲೇ ಒತ್ತಿ, ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ ಬಳಸುತ್ತಾರೆ. ನುಡಿಯಲ್ಲಿ ಬೆರಳಚ್ಚು ಕಲಿತವರಿಗೆ ಇದೇ ರೂಢಿ. ಲಿನಕ್ಸ್‌ನಲ್ಲಿ ಈ ವಿನ್ಯಾಸ ಕಗಪ (ಕನ್ನಡ ಗಣಕ ಪರಿಷತ್ತು) ಎಂಬ ಹೆಸರಿನಲ್ಲಿ ಸೇರಿಯೇ ಬರುತ್ತದೆ. ಏನನ್ನೂ ಹೊರಗಿನಿಂದ ತಂದು ಹಾಕಬೇಕಿಲ್ಲ. 1980ರ ದಶಕದಲ್ಲಿ ಭಾರತ ಸರ್ಕಾರ ಎಲ್ಲ ಭಾರತೀಯ ಲಿಪಿಗಳಿಗೂ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸ ವಿಂಡೋಸ್, ಲಿನಕ್ಸ್ ಎರಡರಲ್ಲೂ ಇದೆ. ರೋಮನ್‌ನಲ್ಲಿ ಬರೆದರೆ ಕನ್ನಡ ಮೂಡಿಸುವ ಫೊನೆಟಿಕ್ ಕೀಲಿಮಣೆಯನ್ನು ವಿಂಡೋಸ್ 10 ತನ್ನ 2019ರ ಮೇ ಪರಿಷ್ಕರಣೆಯಲ್ಲಿ ಸೇರಿಸಿಕೊಂಡಿತು.

ಈಗಾಗಲೇ ನುಡಿಯ ಬೆರಳಭ್ಯಾಸ ಇರುವವರು ಎರಡೂ ಕಡೆ ಕಗಪವನ್ನೇ ಹಿಡಿಯಲಿ. ಹೊಸದಾಗಿ ಕಲಿಯುವ ಮಕ್ಕಳಿಗೆ ಇನ್‌ಸ್ಕ್ರಿಪ್ಟ್ ಒಳ್ಳೆಯದು: ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ ಬೀಳುವ ಕ್ರಮ ಬೇಗ ಹಿಡಿತಕ್ಕೆ ಬರುತ್ತದೆ, ಮುಂದೆ ಹಿಂದಿ, ತೆಲುಗುಗಳಿಗೂ ಅದೇ ಕೈ ಸಾಗುತ್ತದೆ.

ಎರಡನ್ನೂ ಇರಿಸಿಕೊಳ್ಳುವ ದಾರಿಗಳು

ಹಳೆಯ ದಾರಿ ಡ್ಯುಯಲ್ ಬೂಟ್. ಒಂದೇ ಡಿಸ್ಕನ್ನು ಪಾಲು ಮಾಡಿ ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಹಾಕುತ್ತಾರೆ; ಯಂತ್ರ ಹಚ್ಚಿದಾಗ ಯಾವುದು ಬೇಕೆಂದು ಕೇಳುತ್ತದೆ. ಎರಡಕ್ಕೂ ಯಂತ್ರದ ಪೂರ್ತಿ ಬಲ ಸಿಗುತ್ತದೆ, ಆದ್ದರಿಂದ ಕಡಿಮೆ ರ‍್ಯಾಮ್ ಇರುವ ಯಂತ್ರಕ್ಕೆ ಇದೇ ತಕ್ಕುದು. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ಪ್ರತಿಸಲವೂ ಮುಚ್ಚಿ ತೆರೆಯಬೇಕು. ಹಾಕುವಾಗ ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಎಂಬ ಕ್ರಮ ಪಾಲಿಸಬೇಕು.

ಇಲ್ಲಿ ಬಹಳ ಜನ ಎಡವುವ ಜಾಗ ಬಿಟ್‌ಲಾಕರ್. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕು ತಾನಾಗಿಯೇ ಗೂಢಲಿಪಿಯಲ್ಲಿ ಬೀಗ ಹಾಕಿಕೊಂಡಿರಬಹುದು. ಪಾಲು ಬದಲಿಸಿದಾಗ ಅಥವಾ ಬೂಟ್ ಕ್ರಮ ತಿದ್ದಿದಾಗ ಅದು 48 ಅಂಕಿಗಳ ಮರುಪ್ರಾಪ್ತಿ ಕೀಲಿ ಕೇಳುತ್ತದೆ. ಕೀಲಿ ಇಲ್ಲದಿದ್ದರೆ ಒಳಗಿನದೆಲ್ಲ ಹೋದಂತೆಯೇ. ಆ ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಕಡತಗಳ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ಇಳಿಸಿಕೊಂಡು, ಆನಂತರವೇ ಕೈಹಾಕಬೇಕು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವನ್ನೂ ಆರಿಸಬೇಕು. ಅದು ಯಂತ್ರವನ್ನು ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿ ಬಿಡುವುದರಿಂದ ವಿಂಡೋಸ್ ಪಾಲಿನಲ್ಲಿ ಲಿನಕ್ಸ್‌ಗೆ ಬರೆಯಲು ಆಗುವುದಿಲ್ಲ. ಇನ್ನೊಂದು ಸಣ್ಣ ಗೊಂದಲ ಗಡಿಯಾರದ್ದು. ವಿಂಡೋಸ್ ಯಂತ್ರದ ಗಡಿಯಾರವನ್ನು ಸ್ಥಳೀಯ ವೇಳೆಯೆಂದೂ, ಲಿನಕ್ಸ್ ಅದನ್ನೇ ಜಾಗತಿಕ ವೇಳೆಯೆಂದೂ ಓದುತ್ತದೆ. ಆದ್ದರಿಂದ ಭಾರತದಲ್ಲಿ ವೇಳೆ ಸರಿಯಾಗಿ ಐದೂವರೆ ಗಂಟೆ ತಪ್ಪುತ್ತದೆ. ಲಿನಕ್ಸ್‌ಗೆ ಒಂದು ಆದೇಶ ಕೊಟ್ಟರೆ ಸರಿಹೋಗುತ್ತದೆ. ಗೊತ್ತಿಲ್ಲದವರು ಯಂತ್ರದ ಸೆಲ್ ಹೋಗಿದೆಯೆಂದು ಬದಲಿಸಿಬಿಡುತ್ತಾರೆ.

ಎರಡನೆಯದು ವರ್ಚುವಲ್ ಯಂತ್ರ, ಅಂದರೆ ಒಂದು ವ್ಯವಸ್ಥೆಯ ಕಿಟಕಿಯೊಳಗೆ ಇನ್ನೊಂದನ್ನು ನಡೆಸುವುದು. ವರ್ಚುವಲ್‌ಬಾಕ್ಸ್ ಇದಕ್ಕೆ ಉಚಿತ ಸಾಧನ. ಟ್ಯಾಲಿ ಒಂದು ಕಡೆ, ಬರವಣಿಗೆ ಇನ್ನೊಂದು ಕಡೆ ಏಕಕಾಲಕ್ಕೆ ತೆರೆದಿರುತ್ತದೆ. ಒಳಗಿನ ವಿಂಡೋಸ್‌ಗೂ ಪರವಾನಗಿ ಬೇಕು ಎಂಬುದನ್ನು ಮರೆಯಬಾರದು. ರ‍್ಯಾಮ್ ಇಬ್ಬರಿಗೆ ಹಂಚಿಹೋಗುವುದರಿಂದ 8 ಜಿಬಿ ಇದ್ದರೆ ಎರಡೂ ಕುಂಟುತ್ತವೆ.

ಮೂರನೆಯದು 2016ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್‌ನೊಳಗೇ ಲಿನಕ್ಸ್‌ಗೆ ಕೊಟ್ಟ ಒಳಮನೆ, ಡಬ್ಲ್ಯುಎಸ್‌ಎಲ್. 2019ರಲ್ಲಿ ಪ್ರಕಟವಾದ ಇದರ ಎರಡನೆಯ ಆವೃತ್ತಿ ನಿಜವಾದ ಲಿನಕ್ಸ್ ಕರ್ನೆಲ್ಲನ್ನೇ ನಡೆಸುತ್ತದೆ. ಪ್ರೋಗ್ರಾಮಿಂಗ್ ಮಾಡುವ ಉದ್ಯೋಗಿಗೆ, ಅದರಲ್ಲೂ ಕಂಪನಿಯ ಕೆಲಸಕ್ಕೆ ವಿಂಡೋಸ್ ಬಿಡಲಾಗದವರಿಗೆ, ಇಷ್ಟೇ ಸಾಕು. ಡಿಸ್ಕು ಪಾಲು ಮಾಡುವ ಗೋಜೇ ಇಲ್ಲ.

ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಮಾತ್ರ ಇವು ಯಾವುದನ್ನೂ ಮಾಡಬಾರದು. ಅದು ಕಂಪನಿಯ ಸ್ವತ್ತು, ಒಳಗಿನ ದತ್ತಾಂಶ ಗಿರಾಕಿಗಳದ್ದು. ಮನೆಯ ಕೆಲಸಕ್ಕೆ ಬೇರೆ ಯಂತ್ರ ಇರಲಿ. ಎರಡಕ್ಕೂ ಒಂದೇ ಪರದೆ, ಕೀಲಿಮಣೆ, ಮೌಸ್ ಬಳಸಲು ಕೆವಿಎಂ ಸ್ವಿಚ್ ಎಂಬ ಪುಟ್ಟ ಪೆಟ್ಟಿಗೆ ಸಿಗುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಹಾಕಿ ಮಕ್ಕಳಿಗೂ ಬರವಣಿಗೆಗೂ ಬಿಟ್ಟು, ವಿಂಡೋಸ್ ಕೆಲಸಕ್ಕೆ ಇನ್ನೊಂದನ್ನು ಇಟ್ಟುಕೊಳ್ಳುವುದು ಕೂಡ ಎರಡು ವ್ಯವಸ್ಥೆಗಳ ಮನೆಯೇ.

ಮ್ಯಾಕ್‌ನವರ ಲೆಕ್ಕ ಬೇರೆ. ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ಹಾಕಬಹುದಿತ್ತು. 2020ರ ನವೆಂಬರ್‌ನಲ್ಲಿ ಎಂ1 ಚಿಪ್ಪು ಬಂದ ಮೇಲೆ ಆ ದಾರಿ ಮುಚ್ಚಿತು. ಈಗ ವರ್ಚುವಲ್ ಯಂತ್ರದಲ್ಲಿ ಆರ್ಮ್ ಆವೃತ್ತಿಯ ವಿಂಡೋಸ್ ಮಾತ್ರ ನಡೆಯುತ್ತದೆ.

ಯಂತ್ರದ ಒಳಗು

ರ‍್ಯಾಮ್ 16 ಜಿಬಿ, ಎಸ್‌ಎಸ್‌ಡಿ 512 ಜಿಬಿ. ಎರಡು ವ್ಯವಸ್ಥೆಗಳವರಿಗೆ ಇದು ಕನಿಷ್ಠವೆಂದೇ ಹಿಡಿಯಬೇಕು. ಹಣ ಸಾಲದಿದ್ದರೆ 8 ಜಿಬಿಯದನ್ನೇ ತಂದು, ಆಮೇಲೆ ಇನ್ನೊಂದು ಪಟ್ಟಿ ಸೇರಿಸಲು ಖಾಲಿ ಸ್ಲಾಟ್ ಇರುವ ಮಾದರಿ ಆರಿಸಬೇಕು. ತೆಳ್ಳಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಹೆಚ್ಚಿಸಲು ಬಾರದು. ತಿರುಗುವ ಹಳೆಯ ಹಾರ್ಡ್‌ಡಿಸ್ಕಿನಿಂದ ವ್ಯವಸ್ಥೆ ನಡೆಸುವ ಕಾಲ ಮುಗಿಯಿತು.

ಪ್ರೊಸೆಸರಿನ ವಿಷಯದಲ್ಲಿ ಗಡಿಯೊಂದನ್ನು ವಿಂಡೋಸ್ 11 ಹಾಕಿದೆ. 2021ರ ಅಕ್ಟೋಬರ್ 5ರಂದು ಬಂದ ಈ ಆವೃತ್ತಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಸ್ಥೂಲವಾಗಿ ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ಆನಂತರದ ಪ್ರೊಸೆಸರನ್ನೂ ಕೇಳುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಗಡಿಯನ್ನು ಗಮನಿಸಲೇಬೇಕು: ಏಳನೆಯ ತಲೆಮಾರಿನದು ಅಗ್ಗಕ್ಕೆ ಸಿಕ್ಕರೆ ಅದನ್ನು ಲಿನಕ್ಸ್ ಯಂತ್ರವೆಂದಷ್ಟೇ ಕೊಳ್ಳಬೇಕು. ಆರ್ಮ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬ್ಯಾಟರಿಯಲ್ಲಿ ಮುಂದು. ಆದರೆ ಹಳೆಯ ಪ್ರಿಂಟರು, ಟೋಕನ್‌ಗಳ ಡ್ರೈವರ್ ಅವುಗಳಲ್ಲಿ ನಡೆಯದಿರಬಹುದು, ಲಿನಕ್ಸ್ ಹಾಕುವುದೂ ಸುಲಭವಲ್ಲ. ಎರಡು ವ್ಯವಸ್ಥೆಗಳವರಿಗೆ ಸದ್ಯಕ್ಕೆ ಇಂಟೆಲ್ ಅಥವಾ ಎಎಂಡಿ ಚಿಪ್ಪೇ ಸರಿ.

ಲಿನಕ್ಸ್‌ನಲ್ಲಿ ಇಂಟೆಲ್‌ನ ವೈಫೈ ಚಿಪ್ಪುಗಳು ತಕರಾರಿಲ್ಲದೆ ನಡೆಯುತ್ತವೆ. ಬೇರೆ ಕೆಲವಕ್ಕೆ ಡ್ರೈವರ್ ಹುಡುಕಬೇಕಾಗುತ್ತದೆ. ಕೊಳ್ಳುವ ಮೊದಲು ಉಬುಂಟು ತುಂಬಿದ ಪೆನ್‌ಡ್ರೈವ್ ಒಂದನ್ನು ಅಂಗಡಿಗೆ ಒಯ್ದು, ಡಿಸ್ಕಿಗೆ ಹಾಕದೆಯೇ ಅದರಿಂದ ಯಂತ್ರ ಹಚ್ಚಿ, ವೈಫೈ, ಧ್ವನಿ, ಕ್ಯಾಮೆರಾ ನೋಡಿಕೊಳ್ಳುವುದು ಉತ್ತಮ. ಅಂಗಡಿಯವರು ಒಪ್ಪದಿದ್ದರೆ ಮಾದರಿಯ ಹೆಸರು ಬರೆದುಕೊಂಡು ಬಂದು ವಿಚಾರಿಸಬಹುದು. ಪ್ರಿಂಟರಿಗೂ ಇದೇ ಎಚ್ಚರ: ಎಚ್‌ಪಿಯ ಬಹುಪಾಲು ಪ್ರಿಂಟರುಗಳಿಗೆ ಲಿನಕ್ಸ್ ಬೆಂಬಲ ಸಿದ್ಧವಿದೆ, ಡಿಟಿಪಿ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್‌ನ ಎಲ್‌ಬಿಪಿ 2900 ತನ್ನದೇ ಕ್ಯಾಪ್ಟ್ ಭಾಷೆಯಲ್ಲಿ ಮಾತಾಡುವುದರಿಂದ ಲಿನಕ್ಸ್‌ನಲ್ಲಿ ಅದನ್ನು ಹೊಂದಿಸುವುದು ಕಷ್ಟ. ಪುಟವನ್ನು ಪಿಡಿಎಫ್ ಮಾಡಿಕೊಂಡು ವಿಂಡೋಸ್‌ನಿಂದ ಮುದ್ರಿಸುವುದೇ ಅಲ್ಲಿ ಸರಳ ದಾರಿ.

ಫಾಂಟುಗಳನ್ನು ಎರಡೂ ಕಡೆ ಒಂದೇ ಇಡಬೇಕು. ವಿಂಡೋಸ್‌ನ ನಿರ್ಮಲಾ, ತುಂಗಾಗಳು ಲಿನಕ್ಸ್‌ನಲ್ಲಿ ಇರುವುದಿಲ್ಲ; ಇಲ್ಲದ ಫಾಂಟಿನ ಜಾಗದಲ್ಲಿ ಬೇರೆಯದು ಬಂದು ಸಾಲು ಒಡೆದು, 96 ಪುಟದ ಪುಸ್ತಕ 99 ಆಗಬಹುದು. ನೋಟೊ, ಗುಬ್ಬಿ, ನವಿಲು, ಲೋಹಿತ್ ಇವು ಮುಕ್ತ ಫಾಂಟುಗಳು, ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು. ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶ ಎರಡೂ ಕಡೆ ಸಿಗುತ್ತದೆ. 2024ರಲ್ಲಿ ಸ್ಥಿರಗೊಂಡ 1.6ನೇ ಆವೃತ್ತಿ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸುತ್ತದೆ.

ಕರೆಂಟು, ಧೂಳು, ದೂರ

ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಶಾಖೋತ್ಪನ್ನ ಸ್ಥಾವರವಿದೆ, ಆಲಮಟ್ಟಿಯಲ್ಲಿ 290 ಮೆಗಾವಾಟ್‌ನ ಜಲವಿದ್ಯುತ್ ಕೇಂದ್ರವಿದೆ. ವಿದ್ಯುತ್ ಹುಟ್ಟುವ ಜಿಲ್ಲೆಯಲ್ಲೇ ಹಳ್ಳಿಯ ತಂತಿಯ ಕೊನೆಯ ಮನೆಗೆ ವೋಲ್ಟೇಜ್ ಏರಿಳಿಯುತ್ತದೆ, ಮಳೆಗಾಳಿಗೆ ಲೈನು ಹೋಗುತ್ತದೆ. ಈ ಕಾರಣಕ್ಕೆ ಡೆಸ್ಕ್‌ಟಾಪಿಗಿಂತ ಲ್ಯಾಪ್‌ಟಾಪ್ ಇಲ್ಲಿ ಹೆಚ್ಚು ಅನುಕೂಲ. ಡೆಸ್ಕ್‌ಟಾಪೇ ಬೇಕೆಂದರೆ ಯುಪಿಎಸ್ ಖರ್ಚನ್ನು ಯಂತ್ರದ ಬೆಲೆಯ ಭಾಗವಾಗಿಯೇ ಲೆಕ್ಕ ಹಾಕಬೇಕು. ರೌಟರಿಗೂ ಚಿಕ್ಕದೊಂದು ಬ್ಯಾಟರಿ ಬೇಕು. ಲ್ಯಾಪ್‌ಟಾಪ್ ನಡೆಯುತ್ತಿದ್ದು ಇಂಟರ್‌ನೆಟ್ ಸತ್ತರೆ ಮೀಟಿಂಗ್ ಅಲ್ಲಿಗೇ ನಿಲ್ಲುತ್ತದೆ. ಡಿಸ್ಕು ಪಾಲು ಮಾಡುವಾಗ, ವ್ಯವಸ್ಥೆ ಹಾಕುವಾಗ ಕರೆಂಟು ಹೋದರೆ ಎಲ್ಲ ಕೆಡುವುದರಿಂದ ಬ್ಯಾಟರಿ ತುಂಬಿರುವಾಗಲೇ ಆ ಕೆಲಸಕ್ಕೆ ಕೂರಬೇಕು.

ಎರೆ ಭೂಮಿಯ ಧೂಳು ಫ್ಯಾನಿನ ರೆಕ್ಕೆಗೆ ಮೆತ್ತಿ, ಬೇಸಿಗೆಯಲ್ಲಿ ಯಂತ್ರ ಕಾದು ನಿಧಾನವಾಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಶುಚಿ ಮಾಡಿಸಬೇಕು. ದೊಡ್ಡ ರಿಪೇರಿಗೆ ವಿಜಯಪುರ, ಕಲಬುರಗಿ ಅಥವಾ ಸೊಲ್ಲಾಪುರಕ್ಕೆ ಹೋಗಬೇಕಾದ ಊರಿನಲ್ಲಿ ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿಗೆ ಕೊಡುವ ಹಣ ದಂಡವಲ್ಲ. ತಮ್ಮ ಪಿನ್‌ಕೋಡಿಗೆ ಆ ಸೇವೆ ಇದೆಯೇ ಎಂದು ಬಿಲ್ಲು ಮಾಡಿಸುವ ಮೊದಲೇ ಕೇಳಬೇಕು. ಲಿನಕ್ಸ್ ಹಾಕಿದರೆ ವಾರಂಟಿ ಹೋಗುತ್ತದೆ ಎಂದು ಹೆದರಿಸುವವರುಂಟು. ಬಹುಪಾಲು ಕಂಪನಿಗಳ ವಾರಂಟಿ ಯಂತ್ರದ ಭಾಗಗಳಿಗೆ ಸಂಬಂಧಿಸಿದ್ದು. ಷರತ್ತುಗಳನ್ನು ಓದಿ ಮುಂದುವರಿಯಬೇಕು.

ಗಡಿಯಾಚೆಯ ಕನ್ನಡ ಶಾಲೆಗಳು

ಲಿನಕ್ಸ್ ಹಳ್ಳಿಯ ಮಕ್ಕಳಿಗೆ ಕಷ್ಟ ಎಂಬ ಮಾತಿಗೆ ಕಾಸರಗೋಡಿನ ಕನ್ನಡ ಶಾಲೆಗಳೇ ಉತ್ತರ. ಕೇರಳ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭಿಸಿ, ಮುಂದೆ ಶಾಲೆಗಳ ಕಂಪ್ಯೂಟರುಗಳನ್ನು ಮುಕ್ತ ತಂತ್ರಾಂಶಕ್ಕೆ ಹೊರಳಿಸಿತು; 2017ರಿಂದ ಕೈಟ್ ಎಂಬ ಸಂಸ್ಥೆ ಅದನ್ನು ನಡೆಸುತ್ತಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠವನ್ನು ಕನ್ನಡದ ಪುಸ್ತಕದಿಂದ, ಉಬುಂಟು ಆಧಾರಿತ ಲಿನಕ್ಸ್ ಯಂತ್ರದ ಮೇಲೆ ಕಲಿಯುತ್ತಾರೆ. ಕರ್ನಾಟಕದ ಶಾಲೆಗಳಲ್ಲೂ ಮಕ್ಕಳಿಗೆ ಎರಡು ವ್ಯವಸ್ಥೆಗಳ ಪರಿಚಯ ಆಗಬೇಕು. ಒಂದನ್ನಷ್ಟೇ ಕಲಿತವರು ಮುಂದೆ ಅದಕ್ಕೆ ಬೆಲೆ ತೆರುತ್ತಲೇ ಇರಬೇಕಾಗುತ್ತದೆ.

ಆಯ್ಕೆಯ ತೀರ್ಪು

ಸಾಫ್ಟ್‌ವೇರ್ ಉದ್ಯೋಗಿಗೆ 16 ಜಿಬಿಯ ವಿಂಡೋಸ್ ಲ್ಯಾಪ್‌ಟಾಪು, ಒಳಗೆ ಡಬ್ಲ್ಯುಎಸ್‌ಎಲ್. ಲೆಕ್ಕ ಬರೆಯುವವರಿಗೆ ಪರವಾನಗಿಯ ವಿಂಡೋಸ್ ಮುಖ್ಯ, ಲಿನಕ್ಸ್ ಪಕ್ಕದ ಪಾಲಿನಲ್ಲಿ. ಬರಹಗಾರರು, ಶಿಕ್ಷಕರು, ವಿದ್ಯಾರ್ಥಿಗಳು ಲಿನಕ್ಸನ್ನೇ ಮುಖ್ಯವಾಗಿಸಿಕೊಂಡು ಬ್ರೌಸರ್‌ನಿಂದ ಉಳಿದ ಕೆಲಸ ನಡೆಸಬಹುದು. ಡಿಟಿಪಿಯವರಿಗೆ ಎರಡೂ ಸಮನಾಗಿ ಬೇಕು: ಹಳೆಯ ಪುಸ್ತಕಗಳಿಗೆ ವಿಂಡೋಸ್, ಹೊಸವುಗಳಿಗೆ ಯುನಿಕೋಡ್ ಬಲ್ಲ ಯಾವುದಾದರೂ. ನಕಲಿ ವಿಂಡೋಸ್ ಹಾಕಿಕೊಡುತ್ತೇವೆ ಎನ್ನುವವರನ್ನು ಈ ಎಲ್ಲರೂ ದೂರ ಇಡಬೇಕು. ಗಿರಾಕಿಯ ಆಧಾರ್, ಬ್ಯಾಂಕು, ಸಹಿಗಳು ಹಾದುಹೋಗುವ ಯಂತ್ರದಲ್ಲಿ ಅದು ಕಳ್ಳನಿಗೆ ಕೀಲಿ ಕೊಟ್ಟಂತೆ.

ಕೊನೆಯದಾಗಿ, ತುರ್ತಿನ ಒಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಸೀಮೆಯ ಡಿಟಿಪಿ ಅಂಗಡಿಗಳ, ಮಠಗಳ, ಸಂಘಸಂಸ್ಥೆಗಳ ಹಳೆಯ ಯಂತ್ರಗಳಲ್ಲಿ ಜಾತ್ರಾ ಸ್ಮರಣ ಸಂಚಿಕೆಗಳು, ತತ್ವಪದಗಳ ಸಂಗ್ರಹಗಳು, ಊರಿನ ಇತಿಹಾಸದ ಪುಸ್ತಕಗಳು ಹಳೆಯ ಫಾಂಟುಗಳಲ್ಲಿ ಕುಳಿತಿವೆ. ಆ ಯಂತ್ರಗಳು ಇನ್ನೂ ಹತ್ತುತ್ತಿರುವಾಗಲೇ ಕಡತಗಳ ಪ್ರತಿ ತೆಗೆದು, ಉಚಿತ ಪರಿವರ್ತಕಗಳಿಂದ ಯುನಿಕೋಡಿಗೆ ತಂದು, ಮೂಲವನ್ನೂ ಅದರ ಫಾಂಟನ್ನೂ ಜೊತೆಗೆ ಉಳಿಸಿಕೊಳ್ಳಿ. ಒತ್ತು, ಅರ್ಕಾವೊತ್ತುಗಳನ್ನು ಊರಿನ ಶಿಕ್ಷಕರೊಬ್ಬರ ಕೈಯಲ್ಲಿ ತಿದ್ದಿಸಿ. ಹೊಸ ಯಂತ್ರವನ್ನು ಆಮೇಲೆ ಕೊಳ್ಳಿ.